ತೊಗರಿ ಹೊಟ್ಟು, ಕಂಪ್ರೆಸರ್ ಹವಾ, ನಾನು ಕಳೆದ ಒಂದು ಮದರ್‌ಬೋರ್ಡ್

ದಾಲ್ ಮಿಲ್ಲಿನ ಆಫೀಸಿನಲ್ಲಿ ಎರಡು ವರ್ಷ ಓಡಿದ ಕಂಪ್ಯೂಟರನ್ನು ಬಿಚ್ಚಿ ನೋಡಿದ್ದೀರಾ? ಒಳಗೆ ಬರೀ ಧೂಳು ಇರುವುದಿಲ್ಲ. ತೊಗರಿ ಹೊಟ್ಟಿನ ಪುಡಿ, ಗೋಣಿಚೀಲದ ನಾರು, ಲಾರಿ ತಿರುಗುವಾಗ ಏಳುವ ಕರಿಮಣ್ಣು, ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಸಿಪ್ಪೆ ಸುಲಭವಾಗಿ ಬಿಡಲಿ ಅಂತ ಮಿಲ್ಲಿನವರು ತೊಗರಿಗೆ ಎಣ್ಣೆ ಹಚ್ಚಿ ಒಣಗಿಸುತ್ತಾರಲ್ಲ, ಆ ಜಿಡ್ಡೂ ಹೊಟ್ಟಿನ ಜತೆ ಹಾರಿ ಬರುತ್ತದೆ. ಹಾಗಾಗಿ ನಮ್ಮ ಕಡೆಯ ಧೂಳು ಬಾಯಿಂದ ಊದಿದರೆ ಅಲುಗುವುದಿಲ್ಲ.

ಕಲಬುರಗಿಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆಯ ನಾಲ್ಕೈದು ಮಿಲ್ಲುಗಳ ಕಂಪ್ಯೂಟರ್ ನಾನೇ ನೋಡಿಕೊಳ್ಳುತ್ತೇನೆ. ಜನವರಿಯಲ್ಲಿ ಹೊಸ ತೊಗರಿ ಬರಲು ಶುರುವಾದರೆ ಮಿಲ್ಲುಗಳಿಗೆ ಬಿಡುವಿಲ್ಲ. ನನ್ನ ಕೆಲಸ ಬರುವುದು ಅದಾದ ಮೇಲೆ, ಬಿಸಿಲು ಏರಿದಾಗ.

2017ರ ಮೇ ತಿಂಗಳು. ಒಂದು ಮಿಲ್ಲಿನ ಕಾಟಾ ಕೋಣೆಯ, ಅಂದರೆ ಲಾರಿ ತೂಕ ಮಾಡುವ ಕೋಣೆಯ, ಕಂಪ್ಯೂಟರ್ ದಿನಾ ಮಧ್ಯಾಹ್ನ ತಾನಾಗೇ ಆಫ್ ಆಗುತ್ತಿತ್ತು. ಬೆಳಿಗ್ಗೆ ಸರಿ ಇರುತ್ತದೆ, ಹನ್ನೆರಡು ದಾಟಿದರೆ ಮುಗಿಯಿತು. ಹೊರಗೆ 42 ಡಿಗ್ರಿ. ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಮೇಲೆ ಅದರ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಇರುತ್ತದಲ್ಲ, ಅದರ ಒಂದು ರೆಕ್ಕೆಯೂ ಕಾಣಿಸಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಆದರೆ ಅದರ ಗಾಳಿಗೆ ಹೋಗಲು ದಾರಿಯೇ ಇರಲಿಲ್ಲ.

"ಲಗೂನ ಮಾಡ್ರಿ, ಹೊರಗ ಆರು ಲಾರಿ ನಿಂತಾವ" ಅಂದರು ಮುನೀಮರು.

ಗೇಟಿನ ಎದುರಿಗೇ ಒಂದು ಪಂಕ್ಚರ್ ಅಂಗಡಿ. ಕ್ಯಾಬಿನೆಟ್ ಎತ್ತಿಕೊಂಡು ಅಲ್ಲಿಗೆ ಹೋದೆ. ಹುಡುಗ ಪೈಪು ಕೈಗೆ ಕೊಟ್ಟ. ಹವೆಯ ಒತ್ತಡ ತೋರಿಸುವ ಮೀಟರ್ ಮುಳ್ಳು 120 ಪಿಎಸ್‌ಐ ಹತ್ತಿರ ಇತ್ತು. ಪೂರ್ತಿ ಬಿಡು ಅಂದೆ. ಹೊಟ್ಟು ಹಾರಿದ್ದು ನೋಡಿ ಖುಷಿಯೇ ಆಯಿತು. ಫ್ಯಾನ್ ಸೀಟಿ ಹೊಡೆದ ಹಾಗೆ ಕೂಗಿತು. ಅದೂ ಮಜಾ ಅನ್ನಿಸಿತು, ಅದರ ಒಂದು ರೆಕ್ಕೆ ಮುರಿದು ನನ್ನ ಶರ್ಟಿಗೆ ಬಡಿಯುವ ತನಕ. ಅಷ್ಟರಲ್ಲಿ ಪೈಪು ಒಮ್ಮೆ ಕೆಮ್ಮಿತು. ಕಂದು ಬಣ್ಣದ ನೀರು ಬೋರ್ಡಿನ ಮೇಲೆ ಚಿಮ್ಮಿತು.

ಬಟ್ಟೆಯಲ್ಲಿ ಒರೆಸಿದೆ. ಹತ್ತು ನಿಮಿಷ ಬಿಸಿಲಿಗಿಟ್ಟೆ. ಈ ಬಿಸಿಲಲ್ಲಿ ಏನು ಒಣಗಲ್ಲ ಅಂದುಕೊಂಡು ಹೊಸ ಫ್ಯಾನ್ ಹಾಕಿ ಆನ್ ಮಾಡಿದೆ. ಸುಟ್ಟ ವಾಸನೆ ಬಂತು, ಅಷ್ಟೇ. ಸ್ಲಾಟಿನ ಅಡಿಯಲ್ಲಿ ನೀರು ಉಳಿದಿತ್ತು. ಬೋರ್ಡಿನ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಪಂಕ್ಚರ್ ಅಂಗಡಿಯವನದು ಇದರಲ್ಲಿ ಏನೂ ತಪ್ಪಿಲ್ಲ. ಅವನ ಹವಾ ಇರುವುದು ಟೈರಿಗೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೇ ತಿಂಗಳು, ತುಟಿ ಒಡೆಯುವಂಥ ಒಣಹವೆ. ಆ ಟ್ಯಾಂಕಿನೊಳಗೆ ನೀರು ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು ನನ್ನ ತಮ್ಮನಿಂದ. ಅವನು ಸ್ಟೀಲ್ ಅಲ್ಮಾರಿಗಳಿಗೆ ಸ್ಪ್ರೇ ಪೇಂಟ್ ಹೊಡೆಯುತ್ತಾನೆ. ಪೇಂಟಿನವರಿಗೆ ನೀರು ಅಂದರೆ ಭಯ. ಒಂದು ಹನಿ ಬಂದರೂ ಪೇಂಟ್ ಮೇಲೆ ಗುಳ್ಳೆ ಏಳುತ್ತದೆ. ಅವನು ಹೇಳಿದ್ದು ಇಷ್ಟು. ಎಂತಹ ಹವೆಯಲ್ಲೂ ಒಂಚೂರು ನೀರಿನ ಆವಿ ಇದ್ದೇ ಇರುತ್ತದೆ. ಕಂಪ್ರೆಸರ್ ಎಂಟೊಂಬತ್ತು ಪಾಲು ಹವೆಯನ್ನು ಒಂದು ಪಾಲಿನ ಜಾಗಕ್ಕೆ ತುರುಕುತ್ತದೆ. ಆಗ ಹವೆ ಬಿಸಿಯಾಗುತ್ತದೆ. ಬಿಸಿ ಇರುವಷ್ಟು ಹೊತ್ತು ಆವಿ ಆವಿಯಾಗೇ ಇರುತ್ತದೆ, ಟ್ಯಾಂಕ್ ತಣ್ಣಗಾದ ಮೇಲೆ ನೀರಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲಿ ಒಂದು ಡ್ರೇನ್ ವಾಲ್ವ್ ಇರುವುದೇ ಅದಕ್ಕೆ. ಅದನ್ನು ತಿಂಗಳುಗಟ್ಟಲೆ ಯಾರೂ ತಿರುಗಿಸಿರದಿದ್ದರೆ ಮಳೆಗಾಲದ ನೀರು ಬೇಸಿಗೆಯ ತನಕ ಅಲ್ಲೇ ಕೂತಿರುತ್ತದೆ, ತುಕ್ಕಿನ ಜತೆ. ನನ್ನ ಬೋರ್ಡಿಗೆ ಬಿದ್ದದ್ದು ಆ ನೀರು.

ಅವತ್ತಿನಿಂದ ನಾನು ತಮ್ಮನ ಕಂಪ್ರೆಸರನ್ನೇ ಬಳಸುತ್ತಿದ್ದೇನೆ. 24 ಲೀಟರ್ ಟ್ಯಾಂಕ್, 1 ಎಚ್‌ಪಿ ಮೋಟರ್, 8 ಬಾರ್ ಒತ್ತಡದ ತನಕ ತುಂಬುತ್ತದೆ. ಎಣ್ಣೆ ಹಾಕುವ ಅಗತ್ಯವಿಲ್ಲದ ಮಾದರಿ. ಇದು ಮುಖ್ಯ. ಎಣ್ಣೆ ಹಾಕುವ ಕಂಪ್ರೆಸರಿನಿಂದ ಎಣ್ಣೆಯ ಸಣ್ಣ ಮಂಜು ಹವೆಯ ಜತೆ ಬರುತ್ತದೆ. ಗ್ಯಾರೇಜುಗಳಲ್ಲಿ ಇನ್ನೂ ಒಂದು ಕಷ್ಟ. ಅಲ್ಲಿ ಹವೆಯಿಂದ ಓಡುವ ಪಾನಾಗಳಿಗೆ ಅಂತಲೇ ಪೈಪಿನಲ್ಲಿ ಎಣ್ಣೆ ಬೆರೆಸುವ ಬಟ್ಟಲು ಕೂರಿಸಿರುತ್ತಾರೆ. ಆ ಲೈನಿನಿಂದ ಕಂಪ್ಯೂಟರಿಗೆ ಹವಾ ಹೊಡೆದರೆ ಧೂಳು ಹೋಗಿ ಜಿಡ್ಡು ಬಂತು ಅಂತ ಲೆಕ್ಕ. ಮುಂದಿನ ವರ್ಷದ ಹೊಟ್ಟು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಈಗ ನಾನು ಮಾಡುವುದು ಹೀಗೆ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲು ಡ್ರೇನ್ ವಾಲ್ವ್ ಬಿಡುತ್ತೇನೆ. ಟ್ಯಾಂಕಿನಲ್ಲಿ ಸ್ವಲ್ಪವೇ ಹವಾ ಇರುವಾಗ, ನಿಧಾನಕ್ಕೆ. ಆಮೇಲೆ ಟ್ಯಾಂಕ್ ತುಂಬಿಸಿ ಮೋಟರ್ ಆಫ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಡುತ್ತೇನೆ. ಚಹಾ ಕುಡಿದು ಬರುವಷ್ಟರಲ್ಲಿ ಟ್ಯಾಂಕ್ ತಣ್ಣಗಾಗಿರುತ್ತದೆ. ಮತ್ತೊಮ್ಮೆ ವಾಲ್ವ್ ಸ್ವಲ್ಪವೇ ತೆರೆದರೆ ಹೊಸದಾಗಿ ಇಳಿದ ನೀರೂ ಹೊರಗೆ ಬರುತ್ತದೆ. ಈ ಎರಡನೇ ಸಲದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೈಪಿನ ನಡುವೆ ನೀರು ಹಿಡಿಯುವ ಫಿಲ್ಟರ್ ಇದೆ, ಅದರ ಪಾರದರ್ಶಕ ಬಟ್ಟಲನ್ನೂ ನೋಡಿಕೊಳ್ಳುತ್ತೇನೆ. ಕೊನೆಗೆ ಒಂದು ಬಿಳಿ ಹಾಳೆಯ ಮೇಲೆ ಹತ್ತು ಸೆಕೆಂಡು ಹವಾ ಬಿಡುತ್ತೇನೆ. ಹಾಳೆ ಒಣಗೇ ಇದ್ದು ಕಲೆ ಬೀಳದಿದ್ದರೆ ಮುಂದಿನ ಕೆಲಸ. ಕಲೆ ಬಿದ್ದರೆ ಅವತ್ತು ಬ್ರಷ್ಷೇ ಗತಿ.

ಒತ್ತಡವನ್ನು ರೆಗ್ಯುಲೇಟರಿನಲ್ಲಿ 2 ಬಾರ್‌ಗೆ ಇಳಿಸುತ್ತೇನೆ. ಅಂದರೆ ಸುಮಾರು 29 ಪಿಎಸ್‌ಐ. ಅಮೆರಿಕದ ಕಾರ್ಖಾನೆ ಸುರಕ್ಷತಾ ನಿಯಮದಲ್ಲೂ ಹವಾ ಹೊಡೆದು ಸ್ವಚ್ಛ ಮಾಡುವಾಗ 30 ಪಿಎಸ್‌ಐಗಿಂತ ಕಡಿಮೆ ಇರಬೇಕು ಅಂತಿದೆ. ಅದು ಯಂತ್ರ ಉಳಿಸಲು ಮಾಡಿದ ನಿಯಮ ಅಲ್ಲ, ಮನುಷ್ಯರನ್ನು ಉಳಿಸಲು. ಜೋರು ಹವಾ ಗಾಯದೊಳಕ್ಕೆ ನುಗ್ಗಬಹುದು, ಕಣ್ಣು ಕಿವಿ ಹೋಗಬಹುದು. ಕೆಲಸ ಮುಗಿದ ಮೇಲೆ ಬಟ್ಟೆ ಮೇಲಿನ ಧೂಳನ್ನು ಅದೇ ಪೈಪಿನಲ್ಲಿ ಹಾರಿಸಿಕೊಳ್ಳುವವರನ್ನು ಮಿಲ್ಲುಗಳಲ್ಲಿ ದಿನಾ ನೋಡುತ್ತೇನೆ. ಹೇಳಿ ಹೇಳಿ ಸಾಕಾಗಿದೆ.

ಸಂದಿಗಳಿಗೆ 2 ಬಾರ್ ಸಾಲದಿದ್ದರೆ 3ಕ್ಕೆ ಏರಿಸುವುದು ಸುಲಭ. ನಾನು ಏರಿಸುವುದಿಲ್ಲ. ಬದಲಿಗೆ ಒಂದಿಂಚಿನ ಪೇಂಟ್ ಬ್ರಷ್ ತೆಗೆದುಕೊಂಡು ಮೊದಲು ಕಂಬಳಿಯನ್ನು ಸಡಿಲ ಮಾಡುತ್ತೇನೆ. ದೊಡ್ಡ ತುಂಡುಗಳನ್ನು ಕೈಯಲ್ಲೇ ಎತ್ತಿ ಹಾಕುತ್ತೇನೆ. ಎಣ್ಣೆ ಜಿಡ್ಡಿನ ಹೊಟ್ಟಿಗೆ ಇದೇ ಸರಿ. ಹವೆಯ ಕೆಲಸ ಸಡಿಲವಾದದ್ದನ್ನು ಹೊರಗೆ ದಬ್ಬುವುದು ಮಾತ್ರ.

ಕರೆಂಟಿನ ವೈರನ್ನು ಪೂರ್ತಿ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೆ ವೈರಿಂಗಿನಲ್ಲಿ ಫೇಸು ಯಾವುದು, ನ್ಯೂಟ್ರಲ್ ಯಾವುದು ಅಂತ ದೇವರಿಗೇ ಗೊತ್ತು. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟೂ ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಹೊರಗೆ ಪರಸಿ ಕಲ್ಲಿನ ಕಟ್ಟೆ ಮೇಲೆ ಇಟ್ಟು, ಗಾಳಿ ನನ್ನ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಲ್ಲುತ್ತೇನೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕೋಣೆಯೊಳಗೆ ಮಾತ್ರ ಬೇಡ. ಬೇಳೆ ಹೊಟ್ಟಿನ ಪುಡಿ ಗಾಳಿಯಲ್ಲಿ ದಟ್ಟವಾಗಿ ತೇಲುತ್ತಿದ್ದರೆ ಒಂದು ಕಿಡಿಗೂ ಹತ್ತಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತು ನೋಡುವವರ ಬೀಡಿಯನ್ನೂ ಆರಿಸುತ್ತೇನೆ.

ನಳಿಗೆಯ ತುದಿಯಿಂದ ಬೋರ್ಡಿಗೆ ಒಂದು ಗೇಣು ದೂರ. ಒಂದೆರಡು ಸೆಕೆಂಡು ಬಿಟ್ಟು, ನಿಲ್ಲಿಸಿ, ಮತ್ತೆ ಬಿಡಬೇಕು. ಫ್ಯಾನಿಗೆ ಹೊಡೆಯುವಾಗ ಪೆನ್ಸಿಲ್ ತುದಿ ತೂರಿಸಿ ರೆಕ್ಕೆ ತಿರುಗದಂತೆ ಹಿಡಿಯುತ್ತೇನೆ. ತಿರುಗಲು ಬಿಟ್ಟರೆ ಅದು ತನ್ನ ಮಾಮೂಲಿ ವೇಗ ಮೀರಿ ಓಡುತ್ತದೆ. ಬೇರಿಂಗ್ ಹಾಳಾಗುತ್ತದೆ, ರೆಕ್ಕೆ ಮುರಿಯುವುದನ್ನು ನಾನೇ ನೋಡಿದ್ದೇನೆ. ಇನ್ನೊಂದು ಮಾತು: ಹೊರಗಿನಿಂದ ತಿರುಗಿಸಿದ ಮೋಟರ್ ಡೈನಮೋ ಹಾಗೆ ಕೆಲಸ ಮಾಡಿ ಬೋರ್ಡಿನ ಕಡೆಗೆ ಕರೆಂಟ್ ಕಳಿಸಬಹುದು. ಸೈಕಲ್ ಡೈನಮೋ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ಸ್ಟ್ಯಾಟಿಕ್. ಒಣ ಹವೆ, ಒಣ ಧೂಳು, ಪ್ಲಾಸ್ಟಿಕ್ ನಳಿಗೆ, ಮೂರೂ ಉಜ್ಜಿದರೆ ಕಣ್ಣಿಗೆ ಕಾಣದ ಕರೆಂಟ್ ಹುಟ್ಟುತ್ತದೆ. ಬೇಸಿಗೆಯಲ್ಲಿ ಟೆರಿಕಾಟ್ ಶರ್ಟ್ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಅದೇ. ನಮಗೆ ಏನೂ ಅನ್ನಿಸದಷ್ಟು ಸಣ್ಣ ಕಿಡಿಯೂ ಚಿಪ್ಪಿಗೆ ದೊಡ್ಡದು. ಹಾಗಾಗಿ ಹತ್ತಿ ಬಟ್ಟೆ ಹಾಕಿಕೊಳ್ಳುತ್ತೇನೆ, ಒಂದು ಕೈ ಸದಾ ಕ್ಯಾಬಿನೆಟ್ಟಿನ ಪೇಂಟ್ ಇಲ್ಲದ ಲೋಹದ ಮೇಲೆ ಇಟ್ಟಿರುತ್ತೇನೆ. ನಳಿಗೆ ಬೋರ್ಡಿಗೆ ತಾಗಲು ಬಿಡುವುದಿಲ್ಲ. ಇಲ್ಲಿ ಒಂದು ತಮಾಷೆ ಇದೆ. ಮಳೆಗಾಲದಲ್ಲಿ ಸ್ಟ್ಯಾಟಿಕ್ ಕಡಿಮೆ, ಟ್ಯಾಂಕಿನಲ್ಲಿ ನೀರು ಜಾಸ್ತಿ. ಮೇ ತಿಂಗಳಲ್ಲಿ ನೀರು ಕಡಿಮೆ, ಸ್ಟ್ಯಾಟಿಕ್ ಜಾಸ್ತಿ. ಯಾವ ಕಾಲ ಒಳ್ಳೆಯದು ಅಂತ ಕೇಳಿದರೆ ನಾನು ಫೆಬ್ರವರಿ ಅನ್ನುತ್ತೇನೆ. ಆದರೆ ಫೆಬ್ರವರಿಯಲ್ಲಿ ಯಾವ ಮಿಲ್ಲಿನವರೂ ಕಂಪ್ಯೂಟರ್ ಬಿಟ್ಟುಕೊಡುವುದಿಲ್ಲ.

ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚುವುದೇ ಇಲ್ಲ. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ 300 ವೋಲ್ಟ್ ದಾಟುತ್ತದೆ, ಅದು ಕೆಪ್ಯಾಸಿಟರಿನಲ್ಲಿ ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಜಾಲರಿಯ ಹೊರಗಿನಿಂದಲೇ ನಾಲ್ಕೈದು ಸಲ ಹವಾ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಇದರ ಫ್ಯಾನಿಗೂ ಜಾಲರಿಯಲ್ಲಿ ಊದಿನ ಕಡ್ಡಿ ತೂರಿಸಿದರೆ ಸಾಕು, ತಿರುಗದೆ ನಿಲ್ಲುತ್ತದೆ. ಹಾರ್ಡ್‌ಡಿಸ್ಕಿನ ಮೇಲೆ ಉಸಿರಾಟಕ್ಕೆ ಅಂತ ಒಂದು ಚಿಕ್ಕ ತೂತು ಇರುತ್ತದೆ, ಅದಕ್ಕೆ ಹವಾ ತೋರಿಸಬಾರದು. ಡಿವಿಡಿ ಡ್ರೈವಿಗೂ ಬೇಡ.

ಲೇಸರ್ ಪ್ರಿಂಟರಿಗಂತೂ ಬೇಡವೇ ಬೇಡ. ಒಮ್ಮೆ ಒಬ್ಬರು ಒತ್ತಾಯ ಮಾಡಿದರು ಅಂತ ಬಿಟ್ಟೆ. ಟೋನರ್ ಪುಡಿ ಹಾರಿ ಇಬ್ಬರ ಮುಖವೂ ಕಪ್ಪಾಯಿತು, ಎರಡು ದಿನ ಮೂಗಿನಿಂದ ಕಪ್ಪೇ ಬರುತ್ತಿತ್ತು.

ಲ್ಯಾಪ್‌ಟಾಪಿನದು ಬೇರೆ ಕಥೆ. ಬಹಳ ಜನ ಪಕ್ಕದ ಕಿಂಡಿಯಿಂದ ಒಳಕ್ಕೆ ಹವಾ ಹೊಡೆಯುತ್ತಾರೆ. ಅಲ್ಲಿ ಧೂಳು ಕೂರುವುದು ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ, ಒಂದು ಪಟ್ಟಿಯ ಹಾಗೆ. ಹೊರಗಿನಿಂದ ಹೊಡೆದರೆ ಆ ಪಟ್ಟಿ ಹೋಗಿ ಫ್ಯಾನಿನ ಮೇಲೆ ಬೀಳುತ್ತದೆ, ಹೊರಗೆ ಬರುವುದಿಲ್ಲ. ತಳ ಬಿಚ್ಚಿ, ಫ್ಯಾನ್ ಹಿಡಿದು, ಪಟ್ಟಿಯನ್ನು ಚಿಮಟದಲ್ಲಿ ಎತ್ತಿ ತೆಗೆಯಬೇಕು. ಹವಾ ಕೊನೆಗೆ, 1 ಬಾರ್ ಸಾಕು.

ಧೂಳು ಹೋದ ಮೇಲೂ ಬಿಸಿ ಇಳಿಯದಿದ್ದರೆ ಹೀಟ್‌ಸಿಂಕಿನ ಕೆಳಗೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಚ್ಚಬೇಕು. ಎಲ್ಲ ಮುಗಿದ ಮೇಲೆ ನೆರಳಿನಲ್ಲಿ ಒಂದು ಗಂಟೆ ಹಾಗೇ ಇಡುತ್ತೇನೆ. ಹಾಳೆಯ ಪರೀಕ್ಷೆ ಆಗಿದ್ದರೂ ಇಡುತ್ತೇನೆ. ಹಳೆ ಪೆಟ್ಟು ಮರೆತಿಲ್ಲ.

ಅದೇ ಕಾಟಾ ಕೋಣೆಗೆ, ಈಗಿರುವ ಹೊಸ ಬೋರ್ಡಿಗೆ, ಕಳೆದ ಬೇಸಿಗೆಯಲ್ಲಿ ಹೀಗೇ ಮಾಡಿದೆ. ಮಾಡುವ ಮೊದಲು ಸುಮ್ನೆ ಆನ್ ಇದ್ದಾಗಲೇ ಪ್ರೊಸೆಸರ್ 68 ಡಿಗ್ರಿ ತೋರಿಸುತ್ತಿತ್ತು, ಬಿಲ್ ಪ್ರಿಂಟ್ ಕೊಟ್ಟರೆ 90 ದಾಟುತ್ತಿತ್ತು. ಆಮೇಲೆ 47 ಮತ್ತು 70. ಕೋಣೆಯಲ್ಲಿ ಎಸಿ ಇಲ್ಲ, ಹೊರಗೆ ಬಿಸಿಲು ಅದೇ. ಜತೆಗೆ ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ, ಒಡೆದ ಶಹಾಬಾದ ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಒಂದೂವರೆ ಅಡಿ ಮೇಲಿಟ್ಟೆ. ಕಸ ಗುಡಿಸುವಾಗ ಏಳುವ ಪುಡಿಯೇ ಅರ್ಧ ಒಳಗೆ ಹೋಗುತ್ತಿತ್ತು.

ಮುನೀಮರಿಗೆ ಮಾತ್ರ ಸಮಾಧಾನ ಆಗಿಲ್ಲ. ಧೂಳು ಹೋಗಬಾರದು ಅಂತ ಅವರು ಓಡುತ್ತಿರುವ ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಚೀಲ ಹೊದಿಸುತ್ತಾರೆ. ಅದಕ್ಕೂ ಉಸಿರಾಡಬೇಕು, ರಾತ್ರಿ ಆಫ್ ಮಾಡಿದ ಮೇಲೆ ಹೊದಿಸಿ ಅಂತ ನಾಲ್ಕು ಸಲ ಹೇಳಿದ್ದೇನೆ. "ಹಂಗಾರ ಹಗಲಿ ಬರೋ ಹೊಟ್ಟಿಗೆ ಏನ್ ಮಾಡ್ಬೇಕ್ರಿ?" ಅನ್ನುತ್ತಾರೆ. ಮೊನ್ನೆ ಹೋದಾಗ ಮತ್ತೆ ಹೊದಿಸಿದ್ದರು. ಗಾಳಿ ಆಡಲಿ ಅಂತ ಈ ಸಲ ಚೀಲಕ್ಕೆ ಕತ್ತರಿಯಿಂದ ಎರಡು ತೂತು ಮಾಡಿದ್ದರು, ಎರಡೂ ಮುಂದಿನ ಕಡೆಗೆ. ಫ್ಯಾನ್ ಇರುವುದು ಹಿಂದೆ.