ಭಾಷಣದ ರೊಕ್ಕ ತಾಲೂಕಿಗೆ ಬಂತೇ: ರಾಜ್ಯ ಬಜೆಟ್ ಬೆನ್ನುಹತ್ತುವ ನನ್ನ ಕ್ರಮ

ಬಜೆಟ್ ಮಂಡನೆಯಾದ ಮರುದಿನ ಕಲಬುರಗಿ, ಬೀದರ್, ಯಾದಗಿರಿಯ ಪತ್ರಿಕೆಗಳಲ್ಲೆಲ್ಲ ಒಂದೇ ಪ್ರಶ್ನೆ: ನಮ್ಮ ಜಿಲ್ಲೆಗೆ ಏನು ಸಿಕ್ಕಿತು? ಉತ್ತರ ಹುಡುಕಲು ಎಲ್ಲರೂ ಮುಖ್ಯಮಂತ್ರಿಗಳ ಭಾಷಣ ತೆರೆಯುತ್ತಾರೆ. ನಾನು ಭಾಷಣವನ್ನು ಕೊನೆಗೆ ಓದುತ್ತೇನೆ. ಭಾಷಣದಲ್ಲಿ ಊರಿನ ಹೆಸರು ಬಂದ ಮಾತ್ರಕ್ಕೆ ರೊಕ್ಕ ಬಂದಂತಲ್ಲ. ರೊಕ್ಕ ಇರುವುದು ಲೆಕ್ಕ ಶೀರ್ಷಿಕೆಯಲ್ಲಿ, ಅಂದರೆ ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬತ್ತಿಗೂ ಕೊಟ್ಟಿರುವ ಸಂಕೇತ ಸಂಖ್ಯೆಯಲ್ಲಿ. ಶೀರ್ಷಿಕೆಯ ಹದಿನೈದು ಅಂಕಿ ಕೈಗೆ ಸಿಗುವವರೆಗೆ ಯಾವ ಘೋಷಣೆಯನ್ನೂ ‘ಅನುದಾನ’ ಎಂದು ಬರೆಯಬಾರದು ಎಂಬುದು ನಾನು ಪಾಲಿಸುವ ನಿಯಮ.

ಹಣಕಾಸು ಇಲಾಖೆಯ ಜಾಲತಾಣದಲ್ಲಿ ಎಲ್ಲ ಸಂಪುಟಗಳೂ ಸಿಗುತ್ತವೆ. ಇಳಿಸಿಕೊಳ್ಳಬೇಕಾದವು ನಾಲ್ಕು: ಆಯವ್ಯಯದ ಅವಲೋಕನ, ಇಲಾಖಾವಾರು ವಿವರವಾದ ವೆಚ್ಚದ ಅಂದಾಜುಗಳು, ಜಿಲ್ಲಾ ಪಂಚಾಯಿತಿಗಳ ಲಿಂಕ್ ಡಾಕ್ಯುಮೆಂಟ್ (ರಾಜ್ಯ ಬಜೆಟ್‌ನಿಂದ ಯಾವ ಜಿಲ್ಲಾ ಪಂಚಾಯಿತಿಗೆ ಎಷ್ಟು ಎಂದು ತೋರಿಸುವ ಪುಸ್ತಕ), ಮತ್ತು ಲೋಕೋಪಯೋಗಿ ಕಾಮಗಾರಿಗಳ ಅನುಬಂಧ-ಇ. ಭಾಷಣದ ಅಂಕಿಗಳು ಕೋಟಿಯಲ್ಲಿರುತ್ತವೆ, ವಿವರವಾದ ಅಂದಾಜುಗಳು ಲಕ್ಷದಲ್ಲಿ. ಅಲ್ಲಿ 5000.00 ಎಂದಿದ್ದರೆ ಅದು ಐವತ್ತು ಕೋಟಿ, ಐದು ಸಾವಿರ ಕೋಟಿಯಲ್ಲ. ಪುಟದ ತಲೆಯ ಮೇಲಿನ ‘ರೂ. ಲಕ್ಷಗಳಲ್ಲಿ’ ಎಂಬ ಸಣ್ಣ ಅಕ್ಷರ ನೋಡದೆ ಒಂದು ಅಂಕಿಯನ್ನೂ ಬರೆದುಕೊಳ್ಳಬೇಡಿ. ಸುದ್ದಿಯಲ್ಲಿ ಬರುವ ನೂರುಪಟ್ಟು ತಪ್ಪುಗಳಿಗೆ ಹೆಚ್ಚಾಗಿ ಇದೇ ಕಾರಣ.

ಶೀರ್ಷಿಕೆಯನ್ನು ಬಿಡಿಸುವುದು ಹೀಗೆ. ಜಿಲ್ಲಾ ರಸ್ತೆಗೆ ಸಂಬಂಧಿಸಿದ ಸಾಲು 5054-04-337 ಎಂದು ಶುರುವಾಗುತ್ತದೆ. 5054 ಎಂದರೆ ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚ, 04 ಎಂದರೆ ಜಿಲ್ಲಾ ಮತ್ತು ಇತರ ರಸ್ತೆಗಳು, 337 ಎಂದರೆ ರಸ್ತೆ ಕಾಮಗಾರಿ. ಅದರ ಮುಂದೆ ಒಂದು ಅಂಕಿಯ ಗುಂಪು, ಎರಡು ಅಂಕಿಯ ಉಪಶೀರ್ಷಿಕೆ, ಕೊನೆಗೆ ಮೂರು ಅಂಕಿಯ ಉದ್ದೇಶ ಶೀರ್ಷಿಕೆ. ಎರಡು ಅಂಕಿಯ ಉಪಶೀರ್ಷಿಕೆಯೇ ಯೋಜನೆಯ ಗುರುತು. ಮೊದಲ ಅಂಕಿ ನೋಡಿದರೆ ಅರ್ಧ ಸಂಗತಿ ತಿಳಿಯುತ್ತದೆ: 0 ಅಥವಾ 1 ಇದ್ದರೆ ರಾಜಸ್ವ ಜಮೆ, 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ, 4 ಅಥವಾ 5 ಇದ್ದರೆ ಬಂಡವಾಳ, 6 ಅಥವಾ 7 ಇದ್ದರೆ ಸಾಲ, 8 ಇದ್ದರೆ ಸಾರ್ವಜನಿಕ ಲೆಕ್ಕ. ‘ಆಸ್ಪತ್ರೆಗೆ ಕೋಟಿಗಟ್ಟಲೆ’ ಎಂಬ ಸುದ್ದಿಯ ಹಿಂದಿನ ಶೀರ್ಷಿಕೆ 2210 ಆಗಿದ್ದರೆ ಅದರಲ್ಲಿ ಸಂಬಳ, ಔಷಧ, ನಿರ್ವಹಣೆ ಬರುತ್ತವೆ. ಹೊಸ ಕಟ್ಟಡದ ಮಾತಾದರೆ 4210 ಇರಬೇಕು. ಹೀಗೆ ತಾಳೆ ನೋಡಿದರೆ ಸಂಬಳದ ಹಣವನ್ನೇ ಅಭಿವೃದ್ಧಿ ಎಂದು ಓದುವುದು ತಪ್ಪುತ್ತದೆ.

ಜೇವರ್ಗಿಯದೋ ಔರಾದ್‌ನದೋ ಒಂದು ನಿರ್ದಿಷ್ಟ ರಸ್ತೆಯ ಹೆಸರು ವಿವರವಾದ ಅಂದಾಜಿನಲ್ಲಿ ಸಿಗುವುದಿಲ್ಲ, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಅದು ಅನುಬಂಧ-ಇ ಯಲ್ಲಿರುತ್ತದೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಈವರೆಗಿನ ವೆಚ್ಚ, ಈ ವರ್ಷದ ಅನುದಾನ ಒಂದೇ ಸಾಲಿನಲ್ಲಿ ಕಾಣುತ್ತವೆ. ಅಂದಾಜು ಮೊತ್ತ ಐದು ಕೋಟಿ, ಈ ವರ್ಷದ ಅನುದಾನ ಒಂದೋ ಎರಡೋ ಲಕ್ಷ ಎಂದಿದ್ದರೆ ಅದು ಟೋಕನ್. ಕಾಮಗಾರಿಯ ಹೆಸರು ಪುಸ್ತಕದಲ್ಲಿ ಉಳಿಯಲಿ ಎಂದು ಇಟ್ಟ ಹಣವೇ ಹೊರತು ಆ ವರ್ಷ ಅಲ್ಲಿ ಡಾಂಬರು ಬೀಳುವ ಲಕ್ಷಣವಲ್ಲ.

ನಂತರ ಕಾಲಂಗಳು. ಒಂದೇ ಸಾಲಿನಲ್ಲಿ ನಾಲ್ಕು ಮೊತ್ತ ಇರುತ್ತವೆ: ಎರಡು ವರ್ಷ ಹಿಂದಿನ ಲೆಕ್ಕ, ಹಿಂದಿನ ವರ್ಷದ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಆಯವ್ಯಯ ಅಂದಾಜು. ‘ಕಳೆದ ಸಲಕ್ಕಿಂತ ಶೇ. 20 ಹೆಚ್ಚು’ ಎಂದು ಹೇಳುವವರು ಅಂದಾಜನ್ನು ಅಂದಾಜಿಗೇ ಹೋಲಿಸಿರುತ್ತಾರೆ. ನಾನು ಮೊದಲು ನೋಡುವುದು ‘ಲೆಕ್ಕ’ದ ಕಾಲಂ, ಏಕೆಂದರೆ ಖಜಾನೆಯಿಂದ ನಿಜವಾಗಿ ಹೊರಟದ್ದು ಅದೊಂದೇ. ಅಂದಾಜು ನೂರು ಕೋಟಿ, ಪರಿಷ್ಕೃತ ಅರವತ್ತು, ಮತ್ತೆ ಬರುವ ವರ್ಷಕ್ಕೆ ನೂರು ಎಂದಿದ್ದರೆ ಆ ಯೋಜನೆ ಕುಂಟುತ್ತಿದೆ, ಹಣ ಹೆಚ್ಚಾಗಿಲ್ಲ. ವರ್ಷದ ನಡುವೆ ಪೂರಕ ಅಂದಾಜುಗಳೂ ಬರುತ್ತವೆ, ಸಾಮಾನ್ಯವಾಗಿ ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ. ಮಾರ್ಚ್‌ನ ಪುಸ್ತಕವನ್ನಷ್ಟೇ ಇಟ್ಟುಕೊಂಡು ಜನವರಿಯಲ್ಲಿ ವಾದ ಮಾಡಿದರೆ ಎದುರಿನವರ ಕೈಯಲ್ಲಿ ಪೂರಕ ಅಂದಾಜಿನ ಪುಟ ಇರುತ್ತದೆ. ಪುಟದಲ್ಲಿ ‘ಪುರಸ್ಕೃತ’ ಎಂದಿರುವುದಕ್ಕೆ ಸದನದ ಮತ ಬೇಕು. ‘ಪ್ರಭೃತ’ ಎಂದಿರುವ ಸಾಲದ ಬಡ್ಡಿಯಂಥದ್ದಕ್ಕೆ ಮತ ಬೇಕಿಲ್ಲ, ಚರ್ಚೆ ಮಾಡಬಹುದು.

ನಮ್ಮ ಭಾಗದಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಲೆಕ್ಕದಲ್ಲಿ. 2024-25ರಲ್ಲಿ 5,000 ಕೋಟಿ, 2025-26ರಲ್ಲೂ 5,000 ಕೋಟಿ ಘೋಷಣೆಯಾಯಿತು. 2025-26ರ ಒಟ್ಟು ಬಜೆಟ್ 4,09,549 ಕೋಟಿ. ಅದರ ಎದುರು 5,000 ಕೋಟಿ ಎಂದರೆ ಶೇ. 1.2ರ ಆಸುಪಾಸು, ಅದೂ ಏಳು ಜಿಲ್ಲೆಗಳಿಗೆ ಸೇರಿ. ಮಂಡಳಿಯ ಹಣ ಹೆಚ್ಚುವರಿಯಾಗಿ ಬರಬೇಕು, ಇಲಾಖೆ ಮಾಡಬೇಕಾದ ಕೆಲಸಕ್ಕೆ ಬದಲಿಯಾಗಿ ಅಲ್ಲ. ಆದ್ದರಿಂದ ನಾನು ಪ್ರತಿ ಸಲ ಎರಡು ಸಾಲು ಜೋಡಿಸಿ ನೋಡುತ್ತೇನೆ: ಶಾಲಾ ಕೊಠಡಿಗೆ ಮಂಡಳಿ ಕೊಟ್ಟದ್ದೆಷ್ಟು, ಅದೇ ವರ್ಷ ಇದೇ ಜಿಲ್ಲೆಗಳಿಗೆ ಶಿಕ್ಷಣ ಇಲಾಖೆ (ಬಜೆಟ್ ಪುಸ್ತಕದಲ್ಲಿ ಅದರ ಅನುದಾನ ಬೇಡಿಕೆಯ ಸಂಖ್ಯೆ 17) ಕೊಟ್ಟದ್ದೆಷ್ಟು. ಮೊದಲನೆಯದು ಏರಿದಾಗ ಎರಡನೆಯದು ಇಳಿದಿದ್ದರೆ ನಮಗೆ ಹೊಸದಾಗಿ ಏನೂ ಸಿಕ್ಕಿಲ್ಲ. ಈ ಹೋಲಿಕೆಯನ್ನು ನಮ್ಮ ಮೂರೂ ಜಿಲ್ಲೆಗಳಲ್ಲಿ ಯಾರಾದರೂ ವರ್ಷ ವರ್ಷ ಮಾಡಲೇಬೇಕು. ಇದಕ್ಕಿಂತ ಮುಖ್ಯವಾದ ಲೆಕ್ಕ ನಮ್ಮ ಭಾಗಕ್ಕೆ ಇನ್ನೊಂದಿಲ್ಲ.

ಮಂಡಳಿಯ ಹಣ ಮೂರು ಮೆಟ್ಟಿಲು ಇಳಿದು ಬರುತ್ತದೆ. ಸರ್ಕಾರ ಮಂಡಳಿಗೆ ಬಿಡುಗಡೆ ಮಾಡುತ್ತದೆ, ಮಂಡಳಿ ಅನುಷ್ಠಾನ ಸಂಸ್ಥೆಗೆ (ಲೋಕೋಪಯೋಗಿ, ಪಂಚಾಯತ್ ರಾಜ್ ಇಂಜಿನಿಯರಿಂಗ್, ನಿರ್ಮಿತಿ ಕೇಂದ್ರ ಮುಂತಾದವು), ಆ ಸಂಸ್ಥೆ ಗುತ್ತಿಗೆದಾರರಿಗೆ. ಮೊದಲ ಮೆಟ್ಟಿಲು ಇಳಿದ ಕೂಡಲೇ ಖಜಾನೆಯ ಲೆಕ್ಕದಲ್ಲಿ ಅದು ‘ವೆಚ್ಚ’ವಾಗಿಬಿಡುತ್ತದೆ. ಸಿಮೆಂಟ್ ಚೀಲ ಇಳಿಯದಿದ್ದರೂ ಪುಸ್ತಕದಲ್ಲಿ ನೂರಕ್ಕೆ ನೂರು. ಹಾಗಾಗಿ ‘ಎಷ್ಟು ಖರ್ಚಾಗಿದೆ’ ಎಂದು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಬಿಡುಗಡೆ, ಸಂಸ್ಥೆಯ ಖಾತೆಯಲ್ಲಿ ಉಳಿದ ಶಿಲ್ಕು, ಸಲ್ಲಿಸಿದ ಹಣ ಬಳಕೆ ಪ್ರಮಾಣಪತ್ರ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಕಾಮಗಾರಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಲು ಕ್ರಮ ನೆನಪಿರಲಿ: ಕ್ರಿಯಾ ಯೋಜನೆಗೆ ಒಪ್ಪಿಗೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕ್ರಿಯಾ ಯೋಜನೆಯ ಒಪ್ಪಿಗೆ ಮಳೆಗಾಲ ದಾಟಿದ ಮೇಲೆ ಬಂದರೆ ಕಾರ್ಯಾದೇಶ ಬೇಸಿಗೆಯ ಬಾಗಿಲಿಗೆ ಬರುತ್ತದೆ, ಮಾರ್ಚ್ 31 ಎದುರಿಗೇ ನಿಂತಿರುತ್ತದೆ. ಅನುದಾನ ಉಳಿಯುವುದರ ದೊಡ್ಡ ಕಾರಣ ಹಣದ ಕೊರತೆಯಲ್ಲ, ಈ ತಡ.

ಸಂವಿಧಾನದ 371(ಜೆ) ವಿಧಿಯೇ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎನ್ನುತ್ತದೆ. ಆ ವರದಿಯನ್ನು ಕೇಳಿ ಪಡೆಯಿರಿ. ತಾಲೂಕುವಾರು ಹಂಚಿಕೆ ನೋಡುವಾಗ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯ ಸೂಚ್ಯಂಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಅತಿ ಹಿಂದುಳಿದವು ಎಂದು ಅದು ಗುರುತಿಸಿದ 39 ತಾಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. ಸಂಪುಟ ಸಭೆಯ ಮೊತ್ತವನ್ನು ಬಜೆಟ್ ಮೊತ್ತದ ಜೊತೆ ಕೂಡಿಸಬೇಡಿ. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ಸಂಪುಟ ಸಭೆಯ ನಿರ್ಣಯಗಳ ಮೊತ್ತ ಸುಮಾರು 11,770 ಕೋಟಿ ಎಂದು ಪ್ರಕಟವಾಯಿತು. ಆದರೆ ಸಂಪುಟದ ಅನುಮೋದನೆ ಹಲವು ವರ್ಷಗಳ ಯೋಜನಾ ವೆಚ್ಚಕ್ಕೆ ಇರುತ್ತದೆ, ಬಜೆಟ್ ಒಂದೇ ವರ್ಷಕ್ಕೆ.

ಎರಡು ಸಲ ಎಣಿಕೆಯಾಗುವ ಇನ್ನೊಂದು ಜಾಗ ಪರಿಶಿಷ್ಟರ ಉಪಯೋಜನೆ. ಉದ್ದೇಶ ಶೀರ್ಷಿಕೆ 422 ಇದ್ದರೆ ಪರಿಶಿಷ್ಟ ಜಾತಿ ಉಪಯೋಜನೆ, 423 ಇದ್ದರೆ ಬುಡಕಟ್ಟು ಉಪಯೋಜನೆ. ಈ ಹಣ ಆಯಾ ಇಲಾಖೆಯ ಮೊತ್ತದ ಒಳಗೇ ಇರುತ್ತದೆ, ಬೇರೆಯಾಗಿ ಸೇರಿಸಿ ಕೂಡಬಾರದು. ಈ ಉಪಯೋಜನೆಗಳ 2013ರ ರಾಜ್ಯ ಕಾಯ್ದೆಯ 7(ಡಿ) ಸೆಕ್ಷನ್ ಅನ್ನು 2023ರಲ್ಲಿ ತೆಗೆದದ್ದರಿಂದ ಪರಿಶಿಷ್ಟರಿಗೆ ‘ಬಳಕೆಯಾಗಿದೆ ಎಂದು ಭಾವಿಸಿದ’ ವೆಚ್ಚ ತೋರಿಸಲು ಈಗ ಅವಕಾಶವಿಲ್ಲ. ಹಾಗಾಗಿ ಫಲಾನುಭವಿಗಳ ಪಟ್ಟಿ ಕೇಳುವುದು ನ್ಯಾಯವಾದ ಪ್ರಶ್ನೆ.

ತೆರಿಗೆಯ ಕಡೆ ಬಂದರೆ, ಜನರ ಜೇಬಿಗೆ ತಟ್ಟುವ ಬಹಳಷ್ಟು ಬದಲಾವಣೆ ಬಜೆಟ್ ದಿನ ಬರುವುದೇ ಇಲ್ಲ. 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲ್‌ನದು 14.34ರಿಂದ 18.4ಕ್ಕೆ ಏರಿದ್ದು ಅಧಿಸೂಚನೆಯ ಮೂಲಕ. 2025ರ ಏಪ್ರಿಲ್ 1ರಿಂದ ಡೀಸೆಲ್ ಶೇ. 21.17 ಆದದ್ದೂ ಹಾಗೆಯೇ. ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು. ವೃತ್ತಿ ತೆರಿಗೆಯ ಬದಲಾವಣೆ ಮಾತ್ರ ವಿಧೇಯಕದ ಮೂಲಕ ಬಂತು: ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500. ಸಂವಿಧಾನದ 276ನೇ ವಿಧಿ ಹಾಕಿದ ಮಿತಿಯೂ ಅಷ್ಟೇ. ಆದ್ದರಿಂದ ತೆರಿಗೆ ನೋಡುವವರು ರಾಜ್ಯಪತ್ರವನ್ನು ವರ್ಷಪೂರ್ತಿ ನೋಡಬೇಕು, ಬಜೆಟ್ ಪುಸ್ತಕದಲ್ಲಿ ಜಮೆಯ ಶೀರ್ಷಿಕೆಗಳನ್ನು (0039 ಅಬಕಾರಿ, 0030 ಮುದ್ರಾಂಕ ಮತ್ತು ನೋಂದಣಿ, 0041 ವಾಹನ ತೆರಿಗೆ) ತಾಳೆ ನೋಡಬೇಕು.

ಜೂಜಿನ ಕಾನೂನಿಗೂ ಇದೇ ಶಿಸ್ತು ಬೇಕು. ಜೂಜು ಮತ್ತು ಬಾಜಿ ರಾಜ್ಯ ಪಟ್ಟಿಯ 34ನೇ ನಮೂದು, ಸರ್ಕಾರಿ ಲಾಟರಿ ಮಾತ್ರ ಕೇಂದ್ರ ಪಟ್ಟಿಯ 40. ಕರ್ನಾಟಕ ಪೊಲೀಸ್ ಕಾಯ್ದೆ 1963ಕ್ಕೆ 2021ರಲ್ಲಿ ತಂದ ತಿದ್ದುಪಡಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಸೆಕ್ಷನ್‌ಗಳನ್ನು ರದ್ದುಮಾಡಿತು, ಸಂವಿಧಾನಬದ್ಧವಾಗಿ ಹೊಸ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೇಳಿತು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ದರ ಶೇ. 40. ಈ ನಡುವೆ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ತೆರಿಗೆ ಇದೆ ಎಂದರೆ ಆಟ ಕಾನೂನುಬದ್ಧ ಎಂದು ತಿಳಿಯುವವರು ಬಹಳ. ಎರಡೂ ಬೇರೆ ಬೇರೆ ಕಾನೂನು. ಯಾವುದೇ ಇಂಥ ವಿಧೇಯಕ ಬಂದಾಗ ಮೊದಲು ತಿರುವಿ ನೋಡಬೇಕಾದದ್ದು ಕೊನೆಯ ಪುಟಗಳನ್ನು: ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ, ಅದರ ಕೆಳಗಿನ ಆರ್ಥಿಕ ಜ್ಞಾಪನ ಪತ್ರ. ‘ಹೆಚ್ಚುವರಿ ವೆಚ್ಚವನ್ನು ಒಳಗೊಂಡಿರುವುದಿಲ್ಲ’ ಎಂದು ಬರೆದು, ಒಳಗೆ ಹೊಸ ಪ್ರಾಧಿಕಾರವೋ ಹೊಸ ಹುದ್ದೆಗಳೋ ಇದ್ದರೆ ಅದನ್ನು ಶಾಸಕರ ಗಮನಕ್ಕೆ ತನ್ನಿ. ಜಾರಿಯ ದಿನಾಂಕಕ್ಕೆ ಪ್ರತ್ಯೇಕ ಅಧಿಸೂಚನೆ ಬೇಕೇ ಎಂಬುದು ವಿಧೇಯಕದ ಒಂದನೇ ಸೆಕ್ಷನ್‌ನಲ್ಲೇ ಇರುತ್ತದೆ.

ಪುಸ್ತಕದಲ್ಲಿ ಸಿಗದ ಜಿಲ್ಲಾ ವಿವರಕ್ಕೆ ಮೂರು ದಾರಿ. ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯ ಪ್ರಗತಿ ವರದಿ ಮೊದಲನೆಯದು, ಅದರಲ್ಲಿ ಭೌತಿಕ ಮತ್ತು ಆರ್ಥಿಕ ಗುರಿ, ಸಾಧನೆ ಪಕ್ಕಪಕ್ಕದಲ್ಲಿರುತ್ತವೆ. ಎರಡನೆಯದು ನಿಮ್ಮ ಶಾಸಕರ ಮೂಲಕ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಸದನದಲ್ಲಿ ಲಿಖಿತ ಉತ್ತರ ಬರುವ ಪ್ರಶ್ನೆ. ಪ್ರಶ್ನೆಯಲ್ಲೇ ಲೆಕ್ಕ ಶೀರ್ಷಿಕೆ, ತಾಲೂಕು, ಮೂರು ವರ್ಷ ನಮೂದಿಸಿ ಬರೆದುಕೊಟ್ಟರೆ ಉತ್ತರ ಅನುಬಂಧ ಸಮೇತ ಬರುತ್ತದೆ. ಮೂರನೆಯದು ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ನಾನು ಬಳಸುವ ಒಕ್ಕಣೆ ಇದು:

‘2024-25ನೇ ಸಾಲಿನಲ್ಲಿ ಚಿಂಚೋಳಿ ತಾಲೂಕಿಗೆ ಮಂಡಳಿಯಿಂದ ಮಂಜೂರಾದ ಕಾಮಗಾರಿಗಳ ಪಟ್ಟಿ, ಪ್ರತಿ ಕಾಮಗಾರಿಯ ಆಡಳಿತಾತ್ಮಕ ಅನುಮೋದನೆಯ ದಿನಾಂಕ ಮತ್ತು ಮೊತ್ತ, ಕಾರ್ಯಾದೇಶದ ದಿನಾಂಕ, ಅನುಷ್ಠಾನ ಸಂಸ್ಥೆಗೆ ಬಿಡುಗಡೆಯಾದ ಮೊತ್ತ, ಸಲ್ಲಿಕೆಯಾದ ಹಣ ಬಳಕೆ ಪ್ರಮಾಣಪತ್ರಗಳ ದೃಢೀಕೃತ ಪ್ರತಿ.’

‘ಏಕೆ ತಡವಾಯಿತು’ ಎಂದು ಬರೆಯಬೇಡಿ. ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ದಿನಾಂಕಗಳನ್ನು ಕೇಳಿ, ತಡ ಅವುಗಳಲ್ಲೇ ಕಾಣುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ವಿಚಾರಣೆಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.