ಬಿಳಿ ಕಂಬದ ನೆರಳಿಗೆ ಯಾವ ಬಣ್ಣ?

ಮುಂಬಯಿಯ ಹಾರ್ನಿಮನ್ ಸರ್ಕಲ್ಲಿನ ಎದುರಿಗಿರುವ, 1833ರಲ್ಲಿ ಪೂರ್ಣಗೊಂಡ ಹಳೆಯ ಟೌನ್ ಹಾಲ್ ಕಲರ್ ಪೆನ್ಸಿಲ್ಲಿನಲ್ಲಿ ನೆರಳು-ಬೆಳಕು ಅಭ್ಯಾಸ ಮಾಡುವವರಿಗೆ ಹೇಳಿ ಮಾಡಿಸಿದ ಜಾಗ. ಕಟ್ಟಡದ ಮುಖ ಪಶ್ಚಿಮಕ್ಕಿರುವುದರಿಂದ, ಬೆಳಿಗ್ಗೆ ಚಪ್ಪಟೆಯಾಗಿ ಕಾಣುವ ಡೋರಿಕ್ ಎಂಬ ಪ್ರಾಚೀನ ಗ್ರೀಕ್ ಶೈಲಿಯ ಬಿಳಿ ಕಂಬಗಳು ಮಧ್ಯಾಹ್ನ ಕಳೆದು ಬಿಸಿಲು ಓರೆಯಾಗಿ ಬಿದ್ದಾಗ ದುಂಡಗಾಗುತ್ತವೆ. ರಜೆಯಿದ್ದರೆ ಡೊಂಬಿವಲಿಯಿಂದ ನಾನು ಅಲ್ಲಿಗೆ ಹೋಗುವುದು ಆ ಬಿಸಿಲಿಗಾಗಿಯೇ.

ಕೂತ ಕೂಡಲೇ ಬಣ್ಣ ಮುಟ್ಟುವುದಿಲ್ಲ. ಕಣ್ಣನ್ನು ಅರೆಮುಚ್ಚಿ ನೋಡಿದರೆ ವಿವರಗಳೆಲ್ಲ ಕರಗಿ ಬಿಳುಪು, ಬೂದು, ಕಪ್ಪು ಎಂಬ ಮೂರು ಮಟ್ಟಗಳಷ್ಟೇ ಉಳಿಯುತ್ತವೆ. ಅವನ್ನು ಪುಟದ ಅಂಚಿನಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ 4ಬಿ ಎಂಬ ಮೆದು ಸೀಸದ ಪೆನ್ಸಿಲ್ಲಿನಿಂದ ಗುರುತಿಸಿಕೊಳ್ಳುತ್ತೇನೆ. ನೆರಳಿನ ಗಡಿಗೂ ಆಗಲೇ ಗೆರೆ ಬೀಳಬೇಕು. ಆಮೇಲೆ ಬಿಸಿಲು ಎಷ್ಟೇ ಸರಿದರೂ ಆ ಗೆರೆ ಕದಲಕೂಡದು. ದೊಡ್ಡ ಚಿತ್ರದ ಗೆರೆಗಳನ್ನು ಮಾತ್ರ ತಿಳಿ ಕಾವಿಯಲ್ಲಿ ಹಾಕುತ್ತೇನೆ, ಏಕೆಂದರೆ ಸೀಸದ ಪುಡಿ ಹಳದಿಯನ್ನು ಕೊಳಕು ಮಾಡುತ್ತದೆ.

ಕಂಬದ ನೆರಳೇ ನಿಜವಾದ ಪರೀಕ್ಷೆ. ಅತಿ ಗಾಢವಾದ ಪಟ್ಟಿ ಕಂಬದ ಅಂಚಿನಲ್ಲಿರುವುದಿಲ್ಲ, ತುಸು ಒಳಗಿರುತ್ತದೆ; ಪಕ್ಕದ ಕಂಬದಿಂದಲೂ ನೆಲದಿಂದಲೂ ಮರಳಿದ ಬೆಳಕು ಅಂಚನ್ನು ಮತ್ತೆ ತಿಳಿಗೊಳಿಸುತ್ತದೆ. ನೇರ ಬಿಸಿಲು ತಾಗದ ಆ ಭಾಗಕ್ಕೆ ಆಕಾಶದ ಬೆಳಕೂ ಬೀಳುವುದರಿಂದ ನೆರಳು ನೀಲಿಗೆ ತಿರುಗುತ್ತದೆ, ಮೆಟ್ಟಿಲ ಸಮೀಪಕ್ಕೆ ಬಂದಂತೆ ಬೆಚ್ಚಗಾಗುತ್ತದೆ. ಹಾಗಾಗಿ ಮೊದಲು ಅಲ್ಟ್ರಾಮರೀನ್ ನೀಲಿ, ಅದರ ಮೇಲೆ ತಿಳಿ ನೇರಳೆ, ಕೆಳಗಡೆ ಒಂದಿಷ್ಟು ಕಾವಿ. ಕಂಬಗಳ ಹಿಂದಿನ ಕತ್ತಲೆಗೂ ನನ್ನ ಬಳಿ ಕಪ್ಪು ಕಲರ್ ಪೆನ್ಸಿಲ್ ಇಲ್ಲ; ನೀಲಿಯ ಮೇಲೆ ಗಾಢ ಕಂದು ಹತ್ತಿದರೆ ಸಾಕು. ಪ್ರತಿ ಪದರವೂ ಹಗುರವಾಗಿರಬೇಕು, ಒತ್ತಿ ತೀಡಿದರೆ ಕಾಗದದ ಒರಟುತನ ಕಲರ್ ಪೆನ್ಸಿಲ್ಲಿನ ಮೇಣದಿಂದ ಮುಚ್ಚಿಹೋಗಿ ಮುಂದಿನ ಬಣ್ಣ ಜಾರುತ್ತದೆ. ಬೆರಳಿನಿಂದ ಉಜ್ಜುವುದು ನನಗೆ ಒಗ್ಗದು. ಉಡುಪಿ ಸೀಮೆಯಿಂದ ಬಂದು ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿ ಬೆಳೆದವನಿಗೆ ನೆರಳೂ ಗೆರೆಯಿಂದಲೇ ಹುಟ್ಟಬೇಕು.

ಬಿಸಿಲು ಬಿದ್ದ ಕಡೆ ಕಾಗದವನ್ನು ಹೆಚ್ಚುಕಡಿಮೆ ಖಾಲಿ ಬಿಡುತ್ತೇನೆ. ಬಿಳಿ ಪೆನ್ಸಿಲ್ ಕಳೆದುಹೋದ ಬಿಳುಪನ್ನು ಮರಳಿ ತರಲಾರದು. ಅದರ ಬದಲು ಸೂರಿನ ಅಂಚಿಗೆ ತಾಗಿದ ಪೂರ್ವದ ಆಕಾಶವನ್ನು ಒಂದು ಪದರ ಗಾಢ ಮಾಡಿದರೆ ಕಟ್ಟಡ ತಾನಾಗಿ ಬೆಳಗುತ್ತದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಲೆಕ್ಕ ನಡೆಯುವುದು ಅಪರೂಪ. ಮೋಡ ಕವಿದಾಗ ಬೆಳಕು ಇಡೀ ಆಕಾಶದಿಂದ ಇಳಿಯುವುದರಿಂದ ನೆರಳಿನ ಗಡಿ ಮಸುಕಾಗಿ, ಕಂಬದ ಬುಡದಲ್ಲಿ ಮಾತ್ರ ತುಸು ಗಾಢತೆ ಉಳಿಯುತ್ತದೆ. ಆ ತಿಂಗಳುಗಳಲ್ಲಿ ಬಣ್ಣದ ಡಬ್ಬಿ ಮನೆಯಲ್ಲಿಟ್ಟು 2ಬಿ, 6ಬಿ ಪೆನ್ಸಿಲ್ಲುಗಳನ್ನಷ್ಟೇ ಒಯ್ಯುತ್ತೇನೆ.