ಕನ್ಸೋಲ್ ಪಕ್ಕದ ಜಾಗ: ರಾಕ್ ಕಾನ್ಸರ್ಟ್‌ಗಳಲ್ಲಿ ನನ್ನ ಅನುಭವ

ರಾಕ್ ಕಾನ್ಸರ್ಟಿಗೆ ಹೋದರೆ ನಾನು ನಿಲ್ಲುವುದು ಸೌಂಡ್ ಕನ್ಸೋಲ್ ಪಕ್ಕ, ಅಂದರೆ ಸ್ಟೇಜಿನಿಂದ ದೂರದಲ್ಲಿ, ಎಲ್ಲ ವಾದ್ಯಗಳ ಸದ್ದನ್ನು ಹದ ಮಾಡುವ ಮಿಕ್ಸರ್ ಇರುವ ಕಡೆ. ಸ್ಟೇಜ್ ಮುಂದೆ ಅಲ್ಲ. ಅಲ್ಲೇ ಚೆನ್ನಾಗಿ ಕೇಳುತ್ತದೆ ಅಂತ ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನಮ್ಮ ಗುಂಪಿನಲ್ಲಿ ಯಾರೂ ಒಪ್ಪಿರಲಿಲ್ಲ. "ಅಷ್ಟು ಹಿಂದೆ ನಿಲ್ಲೋದಾದ್ರೆ ಮನೇಲಿ ಟೀವಿ ಸಾಕಲ್ವಾ?" ಅನ್ನುತ್ತಿದ್ದರು. ಕಳೆದ ವರ್ಷ ಅವರಲ್ಲೇ ಒಬ್ಬ ನನ್ನ ಜೊತೆ ಪೂರ್ತಿ ಎರಡು ಗಂಟೆ ನಿಂತ. ಈಗ ಧೈರ್ಯವಾಗಿ ಬರೆಯಬಹುದು ಅನಿಸಿತು.

ಶುರುವಾಗಿದ್ದು 2007ರ ಮಾರ್ಚ್‌ನಲ್ಲಿ. ಬೆಂಗಳೂರಿನ ಅರಮನೆ ಮೈದಾನಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಿತ್ತು. ಬೆಳಗ್ಗೆ ಹನ್ನೊಂದಕ್ಕೇ ಗೇಟ್ ಹತ್ತಿರ ಹೋಗಿ ಕೂತಿದ್ದೆ. ಮಾರ್ಚ್ ಬಿಸಿಲು ಗೊತ್ತಲ್ಲ, ಎರಡು ಬಾಟಲಿ ನೀರು ಮಧ್ಯಾಹ್ನಕ್ಕೇ ಖಾಲಿ. ಗೇಟ್ ತೆಗೆದ ತಕ್ಷಣ ಓಡಿ ಮುಂದಿನ ಬ್ಯಾರಿಕೇಡ್ ಹಿಡಿದೆ. ಬ್ಯಾಂಡಿನ ಸ್ಟೀವ್ ಹ್ಯಾರಿಸ್ ಸ್ಟೇಜ್ ಅಂಚಿನ ಮಾನಿಟರ್ ಸ್ಪೀಕರ್ ಮೇಲೆ ಕಾಲಿಟ್ಟು ಬೇಸ್ ಗಿಟಾರ್ ನುಡಿಸುವುದನ್ನು ಅಷ್ಟು ಹತ್ತಿರದಿಂದ ನೋಡಿದೆ. ಆ ಖುಷಿಯನ್ನು ಯಾರೂ ಕಿತ್ತುಕೊಳ್ಳಲಾರರು. ಆದರೆ ಮಾರನೆಯ ದಿನ ಆಫೀಸಿನಲ್ಲಿ ಒಬ್ಬ ಹುಡುಗ ಬಂದು, "ಮೂರು ಗಿಟಾರೂ ಬೇರೆ ಬೇರೆ ಎಷ್ಟು ಚೆನ್ನಾಗಿ ಕೇಳಿಸ್ತು ಅಲ್ವಾ ಸರ್?" ಅಂದ. ನನಗೆ ಕೇಳಿಸಿದ್ದು ಒಂದೇ. ನಾನು ನಿಂತ ಬದಿಯದ್ದು ಮಾತ್ರ. ಹಾಡುಗಾರ ಡಿಕಿನ್ಸನ್ ದನಿ ನನ್ನ ತಲೆಯ ಮೇಲಿಂದ ಹಾರಿ ಹಿಂದೆ ನಿಂತವರಿಗೆ ಹೋಗಿತ್ತು. ಆ ಹುಡುಗ ಹಿಂದೆ ನಿಂತ ಅಗ್ಗದ ಟಿಕೆಟ್‌ನವನು.

ಅದಕ್ಕೂ ಎರಡು ವರ್ಷ ಮೊದಲು, 2005ರಲ್ಲಿ, ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಗಿಟಾರಿಸ್ಟ್ ಆಗಿದ್ದ ಮಾರ್ಕ್ ನಾಪ್‌ಫ್ಲರ್ ಇಲ್ಲಿಗೆ ಬಂದಾಗ ನಾನು ತಡವಾಗಿ ಹೋಗಿದ್ದೆ. ಹಿಂದೆ, ಕನ್ಸೋಲ್ ಪಕ್ಕ ಸಿಕ್ಕ ಜಾಗದಲ್ಲಿ ನಿಂತೆ. ಆತ ಸಾಮಾನ್ಯವಾಗಿ ತಂತಿ ಮೀಟುವ ಪಿಕ್ ಬಳಸುವುದಿಲ್ಲ, ಬೆರಳಲ್ಲೇ ಮೀಟುತ್ತಾನೆ. ತಂತಿಗೆ ಬೆರಳು ತಾಕುವ ಸದ್ದು ಕೂಡ ನನಗೆ ಕೇಳಿಸಿತ್ತು. ಇವತ್ತಿಗೂ ನನ್ನ ಪಟ್ಟಿಯಲ್ಲಿ ಅದೇ ಮೊದಲನೆಯದು. ಆದರೆ ಆಗ ಅದರ ಶ್ರೇಯಸ್ಸನ್ನೆಲ್ಲ ಕಲಾವಿದನಿಗೇ ಕೊಟ್ಟಿದ್ದೆ. ಜಾಗಕ್ಕೂ ಒಂದು ಪಾಲಿದೆ ಅಂತ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದ್ದು ಒಬ್ಬ ಮೈಕ್‌ಸೆಟ್‌ನವರು. ಅಮ್ಮನನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ರಾಮನವಮಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಮೃದಂಗವೇ ಜಾಸ್ತಿ ಕೇಳುತ್ತಿದೆ ಅಂತ ಅವರ ಹತ್ತಿರ ಹೋಗಿ ದೂರಿದೆ. ಅವರು ಮಿಕ್ಸರ್‌ನಿಂದ ಕಣ್ಣು ತೆಗೆಯದೆ, "ನನ್ ಕಿವಿಗೆ ಹೆಂಗ್ ಸರಿ ಅನ್ಸುತ್ತೋ ಹಂಗೆ ಇಡ್ತೀನಿ ಸಾರ್. ಚೆನ್ನಾಗ್ ಕೇಳ್ಬೇಕು ಅಂದ್ರೆ ಇಲ್ಲೇ ಕೂತ್ಕೊಳಿ" ಅಂದರು. ಕೂತೆ. ಪಿಟೀಲು, ಮೃದಂಗ, ತಂಬೂರಿ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ನಾಪ್‌ಫ್ಲರ್ ನೆನಪಾದ.

2008ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್ ಬಂದಾಗ ಬೇಕೆಂದೇ ಮೊದಲ ಪ್ರಯೋಗ ಮಾಡಿದೆ. ಸೋತೆ. ಕನ್ಸೋಲ್ ಟೆಂಟಿನ ನೇರ ಹಿಂದೆ ನಿಂತಿದ್ದೆ. ಟೆಂಟಿನ ಬಟ್ಟೆ, ಒಳಗಿನ ಪೆಟ್ಟಿಗೆಗಳು, ಜನ, ಎಲ್ಲ ಸೇರಿ ಮೇಲಿನ ಸ್ವರಗಳನ್ನು ನುಂಗಿಬಿಟ್ಟವು. ಡ್ರಮ್ಸ್‌ನ ಲೋಹದ ತಟ್ಟೆಗಳು, ಸಿಂಬಲ್ಸ್, ಮಾಯ. ಗೆಳೆಯರು ವಾರಗಟ್ಟಲೆ ರೇಗಿಸಿದರು.

ಮರುವರ್ಷ ಮೇಡನ್ ಮತ್ತೆ ಬಂತು. ಈ ಸಲ ಟೆಂಟಿನ ಮುಂದೆ, ಮೈದಾನದ ನಟ್ಟನಡುವೆ ನಿಂತೆ. ಆಗ ಬೇರೆ ತೊಂದರೆ. ಎರಡೂ ಕಡೆ ಇರುವ ಸಬ್‌ವೂಫರ್‌ಗಳ, ಅಂದರೆ ತಗ್ಗಿನ ಸ್ವರದ ದೊಡ್ಡ ಸ್ಪೀಕರ್‌ಗಳ, ಸದ್ದು ನಡುವಿನ ಗೆರೆಯಲ್ಲಿ ಒಂದಾಗಿ ಎದೆ ಗುದ್ದುತ್ತದೆ. ಹ್ಯಾರಿಸ್ ಬೇಸಿನ ಆ ಟಕಟಕ ಸದ್ದು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಅಡಿಯಲ್ಲಿ ಹೂತುಹೋಯಿತು. ಮೂರನೇ ಹಾಡಿಗೆ ಬೇಸರವಾಗಿ ಬಲಕ್ಕೆ ಜರುಗಿದೆ. ಎಂಟು ಹೆಜ್ಜೆ ಇರಬಹುದು. ಗುಂಯ್ ಅನ್ನುವುದು ನಿಂತು ಬೇಸ್ ಬಿಡಿಬಿಡಿಯಾಗಿ ಕೇಳಿತು. 2007ರಲ್ಲಿ ಕಳೆದುಕೊಂಡ ಮೂರೂ ಗಿಟಾರ್ ಅವತ್ತು ಸಿಕ್ಕವು. ಅಲ್ಲಿಂದ ಇವತ್ತಿನವರೆಗೆ ನನ್ನ ಜಾಗ ಅದೇ: ಟೆಂಟಿನ ಪಕ್ಕ, ನಡುಗೆರೆಯಿಂದ ಏಳೆಂಟು ಹೆಜ್ಜೆ ಆಚೆ. ಎಡಕ್ಕೋ ಬಲಕ್ಕೋ ಅನ್ನುವುದನ್ನು ಗಾಳಿ ನೋಡಿ ತೀರ್ಮಾನಿಸುತ್ತೇನೆ. ಗಾಳಿಯನ್ನು ಹೇಗೆ ನೋಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮೇಕ್ರಿ ಸರ್ಕಲ್ ಕಡೆ ಬೈಕ್ ನಿಲ್ಲಿಸುವ ಜಾಗವೂ ಅಷ್ಟೇ.

2011ರ ಅಕ್ಟೋಬರ್ 30, ಮೆಟಾಲಿಕಾ. ಮಳೆ ಬಂದು ಅರಮನೆ ಮೈದಾನವೆಲ್ಲ ಕೆಸರು. ಗೆಳೆಯರೆಲ್ಲ ಮುಂದೆ ನುಗ್ಗಿದರು. ನಾನು ನನ್ನ ಜಾಗದಲ್ಲಿ ನಿಂತೆ. ಹಾಡುತ್ತಾ ಗಿಟಾರ್ ನುಡಿಸುವ ಹೆಟ್‌ಫೀಲ್ಡ್ ಬಲಗೈಯ ಆ ಕತ್ತರಿಸಿದಂಥ ಹೊಡೆತ ಒಂದೊಂದೂ ಸ್ಪಷ್ಟ. ಹಾಡಿನ ನಡುವೆ ಗಿಟಾರ್ ತಟಕ್ಕನೆ ನಿಂತಾಗ ಆ ಖಾಲಿ ಜಾಗ ಕೂಡ ಕೇಳಿಸಿತು. ಅವತ್ತು ನಿಜವಾಗಿ ಕಣ್ಣಲ್ಲಿ ನೀರು ಬಂತು. ಶಾಲೆಯಲ್ಲಿದ್ದಾಗ ಕ್ಯಾಸೆಟ್ ಸವೆಯುವಷ್ಟು ಕೇಳಿದ ಬ್ಯಾಂಡ್ ಅದು. ಗೆಳೆಯರು ವಾಪಸ್ ಬಂದಾಗ ಇಬ್ಬರ ಶೂ ಕಳೆದಿತ್ತು, ಒಬ್ಬನಿಗೆ ಮೂರು ದಿನ ಕಿವಿ ಗುಯ್ಗುಟ್ಟಿತು. ಆದರೂ ಒಪ್ಪಲಿಲ್ಲ.

ದುಡ್ಡಿನ ಮಾತು. ಇಲ್ಲಿ ಸಾಮಾನ್ಯವಾಗಿ ದುಬಾರಿ ಆವರಣ ಮುಗಿಯುವುದೇ ಕನ್ಸೋಲ್ ಹತ್ತಿರ. ಅಂದರೆ ಅಗ್ಗದ ಟಿಕೆಟ್‌ನ ಮೊದಲ ಸಾಲು ಕನ್ಸೋಲ್ ಪಕ್ಕಕ್ಕೇ ಬರುತ್ತದೆ. ಅರ್ಧ ದುಡ್ಡಿಗೆ ಇಡೀ ಮೈದಾನದ ಒಳ್ಳೆಯ ಸೌಂಡ್! ಟಿಕೆಟ್ ತೆಗೆಯುವ ಮೊದಲು ಮೈದಾನದ ನಕ್ಷೆ ನೋಡಿ, ಅಷ್ಟೇ. ಈ ಲೆಕ್ಕದಲ್ಲಿ ಇಷ್ಟು ವರ್ಷದಲ್ಲಿ ಸುಮಾರು ನಲವತ್ತು ಸಾವಿರ ಉಳಿಸಿರಬೇಕು.

ಕಳೆದುಕೊಂಡಿದ್ದೂ ಇದೆ. ಹೊರ ರಾಜ್ಯದ ಒಂದು ಶೋಗೆ ಬಸ್ಸು, ರೂಮು, ಮುಂದಿನ ಟಿಕೆಟ್ ಎಲ್ಲ ಸೇರಿ ಒಂಬತ್ತು ಸಾವಿರ ಸುರಿದೆ. ಐವತ್ತು ನಿಮಿಷಕ್ಕೆ ಕರೆಂಟ್ ಕೈಕೊಟ್ಟಿತು, ಶೋ ಅಲ್ಲಿಗೇ ಮುಗಿಯಿತು. ದುಡ್ಡು ವಾಪಸ್ ಬರಲೇ ಇಲ್ಲ. ಇನ್ನೊಂದು ಕಡೆ, ನಾನು ದೇವರಂತೆ ಕಂಡ ಹಾಡುಗಾರನ ದನಿಯೇ ಹೋಗಿತ್ತು. ಎತ್ತರದ ಸ್ವರ ಬಂದಾಗಲೆಲ್ಲ ಮೈಕನ್ನು ಜನರತ್ತ ತಿರುಗಿಸುತ್ತಿದ್ದ. ಒಳ್ಳೆಯ ಜಾಗದಲ್ಲಿ ನಿಂತಿದ್ದರಿಂದ ಆ ಬಿರುಕುಗಳೂ ಚೆನ್ನಾಗಿ ಕೇಳಿಸಿ ಇನ್ನೂ ಜಾಸ್ತಿ ನೋವಾಯಿತು. ಮೂರನೆಯದರಲ್ಲಿ ಬ್ಯಾಂಡ್ ತಡವಾಗಿ ಸ್ಟೇಜ್ ಹತ್ತಿತು. ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯಿಂದ ನಿಯಮ ಇದೆಯಲ್ಲ, ಹತ್ತಕ್ಕೆ ಸರಿಯಾಗಿ ಸ್ವಿಚ್ ಆಫ್. ನಾನು ಕಾದಿದ್ದ ಹಾಡು ಬರಲೇ ಇಲ್ಲ.

ಕಿವಿಗೆ ಏನು ಹಾಕಬೇಕು ಅನ್ನುವುದಕ್ಕೂ ಒಂದಿಷ್ಟು ದುಡ್ಡು ಹೋಯಿತು. ಹತ್ತಿ ಸುಮ್ನೆ ದಂಡ. ಫೋಮ್ ಪ್ಲಗ್ ಸದ್ದು ತಗ್ಗಿಸುತ್ತದೆ, ಆದರೆ ಕಂಬಳಿ ಹೊದ್ದು ಕೇಳಿದಂತೆ. ಕೊನೆಗೆ ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಜೋಡಿ ಕೊಂಡೆ, ಸಾವಿರದ ಎಂಟುನೂರೋ ಏನೋ. ಅದು ಎಲ್ಲ ಸ್ವರವನ್ನೂ ಹೆಚ್ಚುಕಮ್ಮಿ ಸಮನಾಗಿ ಇಳಿಸುತ್ತದೆ. ಫೋನಿನ ಮೀಟರ್ ಆ್ಯಪ್ ನಂಬುವಂಥದ್ದಲ್ಲ, ಆದರೂ ಒಂದೇ ಫೋನಿನಲ್ಲಿ ಮುಂದೆ 108 ಡೆಸಿಬೆಲ್, ಕನ್ಸೋಲ್ ಹತ್ತಿರ 98ರ ಆಸುಪಾಸು ತೋರಿಸಿತ್ತು. ನೂರು ಡೆಸಿಬೆಲ್ ಆದರೆ ಹದಿನೈದು ನಿಮಿಷಕ್ಕೇ ಕಿವಿ ಒಂದು ದಿನಕ್ಕೆ ತಡೆಯಬಲ್ಲ ಸದ್ದಿನ ಲೆಕ್ಕ ಮುಗಿಯುತ್ತದೆ ಅಂತಾರೆ. ಹಾಗಾಗಿ ಪ್ಲಗ್ ಎಲ್ಲಿ ನಿಂತರೂ ಬೇಕು.

ಇದೇ ಉಪಾಯವನ್ನು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲೂ ಮಾಡಿ ನೋಡಿದೆ. ನಡೆಯಲಿಲ್ಲ. ಅಲ್ಲಿ ಮಿಕ್ಸರನ್ನು ಸ್ಟೇಜ್ ಪಕ್ಕದ ಮೂಲೆಯಲ್ಲಿ ಇಟ್ಟಿರುತ್ತಾರೆ. ಪಾಪ, ಜನಕ್ಕೆ ಏನು ಕೇಳುತ್ತಿದೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಪಬ್‌ಗಳಲ್ಲೂ ಅಷ್ಟೇ, ಕನ್ಸೋಲ್ ಗೋಡೆಗೆ ಅಂಟಿಕೊಂಡಿದ್ದರೆ ಅಲ್ಲಿ ಬೇಸ್, ಅಂದರೆ ತಗ್ಗಿನ ಸ್ವರಗಳು, ಊದಿಕೊಂಡಿರುತ್ತವೆ. ಅಂಥ ಕಡೆ ನಾನು ಗೋಡೆ ಬಿಟ್ಟು ಹಾಲಿನ ಮಧ್ಯಕ್ಕೆ ಬರುತ್ತೇನೆ. ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್ ಥರದ ನಮ್ಮೂರಿನ ಬ್ಯಾಂಡ್‌ಗಳನ್ನು ಹಾಗೆ ಕೇಳಬೇಕು.

ಕಳೆದ ವರ್ಷ ಬಂದ ಗೆಳೆಯ ಮೊದಲ ಎರಡು ಹಾಡಿಗೆ ಕತ್ತು ಉದ್ದ ಮಾಡಿ ಮುಂದಕ್ಕೇ ನೋಡುತ್ತಿದ್ದ. ಮೂರನೆಯದಕ್ಕೆ ಕಣ್ಣು ಮುಚ್ಚಿದ. ಮುಗಿದ ಮೇಲೆ, "ಇಷ್ಟು ವರ್ಷ ಅರ್ಧ ಬ್ಯಾಂಡ್ ಕೇಳ್ಕೊಂಡು ಮನೆಗೆ ಹೋಗ್ತಿದ್ದೆ ಕಣೋ" ಅಂದ. ಮೊನ್ನೆ ಅವನೇ ಫೋನ್ ಮಾಡಿದ. ಮುಂದಿನ ಶೋಗೆ ಹಿಂದಿನ ಆವರಣದ ನಾಲ್ಕು ಟಿಕೆಟ್ ತೆಗೆದಿದ್ದಾನಂತೆ, ಮಗಳನ್ನೂ ಕರೆತರುತ್ತಾನಂತೆ. ಅವಳಿಗೆ ಒಂದು ಜೋಡಿ ಪ್ಲಗ್ ತರಿಸಿಟ್ಟಿದ್ದೇನೆ. ನಾಲ್ಕೂವರೆಗೆ ಗೇಟ್ ಹತ್ತಿರ ಇರಬೇಕು ಅಂತಲೂ ಹೇಳಿದ್ದೇನೆ.